ಇದು ಎಣ್ಣೆಯಲ್ಲ ಸ್ವಾಮಿ, ಹಾರ್ಮೋನು!

ಬಹಳ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಸೋಮಾರಿತನ ಒಂದು ಕಡೆ, ಸ್ವಲ್ಪ ನಾಚಿಕೆ ಇನ್ನೊಂದು ಕಡೆ. ಎರಡು ತಿಂಗಳ ಹಿಂದೆ ಅಕ್ಕನ ಮಗ ಮನೆಗೆ ಬಂದು ಹೋದ ಮೇಲೆ ಇನ್ನು ಸುಮ್ಮನಿರಬಾರದು ಅನ್ನಿಸಿತು.

ಹುಡುಗನಿಗೆ ಇಪ್ಪತ್ತಾರು. ಒಳ್ಳೆ ಕೆಲಸ, ಕೈತುಂಬ ಸಂಬಳ. ಅಕ್ಕ ಹೆಣ್ಣು ಹುಡುಕೋಕೆ ಶುರು ಮಾಡಿದ್ದಾಳೆ. ಹಣೆ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಸೋದರಮಾವನ ತಲೆ ನೋಡಿ ಅಳಿಯನ ತಲೆ ಹೇಳಬಹುದು ಅಂತಾರಲ್ಲ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಇದಕ್ಕೆ ಕಾರಣವಾಗುವ ಮುಖ್ಯವಾದ ಒಂದು ಜೀನು ತಾಯಿಯ ಕಡೆಯಿಂದಲೇ ಬರುತ್ತದೆ. ಅಪ್ಪನ ಕಡೆಯದೂ ಸೇರುತ್ತದೆ, ಆದರೆ ಬೈಸಿಕೊಳ್ಳೋದು ಮಾತ್ರ ನಾನು :)

ಊಟ ಆದ ಮೇಲೆ ಬ್ಯಾಗಿನಿಂದ ಒಂದು ಚಂದದ ಡಬ್ಬಿ ತೆಗೆದ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿದನಂತೆ, ತಲೆಯ ಎರಡು ಫೋಟೋ ಕಳಿಸಿದನಂತೆ, ಮೂರನೇ ದಿನಕ್ಕೆ ಕೊರಿಯರ್ ಬಂತಂತೆ. ಒಳಗೆ ಶಾಂಪೂ, ಎಣ್ಣೆ, ಒಂದು ಸ್ಪ್ರೇ, ಜೆಲ್ಲಿ ಮಿಠಾಯಿ ಥರದ ವಿಟಮಿನ್ನು, ಜೊತೆಗೊಂದು ಮಾತ್ರೆಯ ಸ್ಟ್ರಿಪ್.

"ಇದೇನೋ ಇದು?" ಅಂದೆ.

"ಅದೂ ವಿಟಮಿನ್ನೇ ಇರ್ಬೇಕು ಮಾಮ. ದಿನಕ್ಕೊಂದು ಅಂತ ಬರ್ದಿದಾರೆ. ನಾಲ್ಕು ತಿಂಗಳಿಂದ ತಗೋತಿದೀನಿ."

"ಡಾಕ್ಟ್ರು ಮಾತಾಡಿದ್ರಾ?"

"ಚೀಟಿ ಪಿಡಿಎಫ್ ಬಂತು. ಫೋನ್ ಏನೂ ಬರ್ಲಿಲ್ಲ."

ಸ್ಟ್ರಿಪ್ ತಿರುಗಿಸಿ ನೋಡಿದೆ. ಫಿನಾಸ್ಟರೈಡ್, 1 ಮಿ.ಗ್ರಾಂ. ಹುಡುಗ ನಾಲ್ಕು ತಿಂಗಳಿಂದ ಮೈಯೊಳಗಿನ ಒಂದು ಹಾರ್ಮೋನನ್ನು ತಡೆಹಿಡಿದು ಕೂತಿದ್ದಾನೆ, ಅದು ಅವನಿಗೇ ಗೊತ್ತಿಲ್ಲ!

ನನ್ನ ಜಗಳ ಆ ಮಾತ್ರೆಯ ಜೊತೆ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಮಾತ್ರೆ ಕೆಲಸ ಮಾಡುತ್ತದೆ. ನನ್ನ ಜಗಳ ಹಾರ್ಮೋನಿನ ಔಷಧಿಯನ್ನು ತಲೆಗೆ ಹಚ್ಚುವ ಎಣ್ಣೆಯ ಪಕ್ಕದಲ್ಲಿಟ್ಟು, ಅದೇ ರೀತಿ ಮಾರುವವರ ಜೊತೆ. ಮತ್ತು ನಾಚಿಕೆಯಿಂದ ಒಂದೂ ಪ್ರಶ್ನೆ ಕೇಳದೆ ನುಂಗುವ ನಮ್ಮ ಜೊತೆ.

ಮೊದಲು ಈ ಹಾರ್ಮೋನಿನ ಕಥೆ ಸ್ವಲ್ಪ ತಿಳಿದುಕೊಳ್ಳೋಣ.

ಬೀಜ ತೆಗೆಸಿದ ಗಂಡಸರ ತಲೆ ಬೋಳಾಗುವುದಿಲ್ಲ ಅನ್ನೋದು ಹಳೇ ಗ್ರೀಕರಿಗೇ ಗೊತ್ತಿತ್ತು. ಅದನ್ನು ಲೆಕ್ಕ ಹಾಕಿ ತೋರಿಸಿದವನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಪ್ರಾಯಕ್ಕೆ ಬರುವ ಮುಂಚೆಯೇ ಬೀಜ ಕಳೆದುಕೊಂಡವರಿಗೆ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಹೋಗತೊಡಗಿತು. ನಿಲ್ಲಿಸಿದಾಗ ಉದುರುವುದು ನಿಂತಿತು, ಆದರೆ ಹೋದದ್ದು ವಾಪಸ್ ಬರಲಿಲ್ಲ. ಅಂದರೆ ಬೋಳಾಗೋಕೆ ಎರಡು ಬೇಕು: ಮನೆತನ ಮತ್ತು ಹಾರ್ಮೋನು. ಟೋಪಿ ಹಾಕಿದ್ದಕ್ಕೆ, ಬೋರ್‌ವೆಲ್ ನೀರಿಗೆ, ಹೆಲ್ಮೆಟ್ಟಿಗೆ ಸುಮ್ಮನೆ ಬೈಯಬೇಡಿ.

ಇನ್ನೊಂದು ಸುಳಿವು ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ಕಿನ ಸಲಿನಾಸ್ ಎಂಬ ಹಳ್ಳಿಯಲ್ಲಿ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದರು, ಹೆಣ್ಣೆಂದೇ ಬೆಳೆಯುತ್ತಿದ್ದರು. ಪ್ರಾಯಕ್ಕೆ ಬಂದಾಗ ದನಿ ಒಡೆದು, ಸ್ನಾಯು ಬಲಿತು ಗಂಡಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೋ-ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಸಂಗಡಿಗರು 1974ರಲ್ಲಿ ಇದರ ಕಾರಣ ಬಿಡಿಸಿದರು. ಇವರ ಮೈಯಲ್ಲಿ ಟೆಸ್ಟೋಸ್ಟಿರೋನ್ ಇದೆ, ಆದರೆ ಅದನ್ನು ಡಿಎಚ್‌ಟಿ ಎಂಬ ಇನ್ನೂ ಖಾರವಾದ ಹಾರ್ಮೋನಾಗಿ ಬದಲಿಸುವ ಕಿಣ್ವದ ಕೊರತೆ ಇದೆ. ಹಾಗಾಗಿ ಪ್ರಾಸ್ಟೇಟ್ ಗ್ರಂಥಿ ಪುಟ್ಟದು. ಗಡ್ಡ, ಮೈಗೂದಲು ತೀರಾ ಕಮ್ಮಿ. ಮುಂದಲೆಯ ಕೂದಲು ಮಾತ್ರ ಹಿಂದೆ ಸರಿಯುವುದೇ ಇಲ್ಲ! (ಗರ್ಭದಲ್ಲಿ ಡಿಎಚ್‌ಟಿ ಇಲ್ಲದಿದ್ದರೆ ಗಂಡುಮಗು ಹೆಣ್ಣಿನಂತೆ ಕಾಣುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

ತಮಾಷೆ ನೋಡಿ. ಒಂದೇ ಹಾರ್ಮೋನು ಗಲ್ಲದ ಮೇಲೆ ಗಡ್ಡ ಬೆಳೆಸುತ್ತದೆ, ಎದೆ ಮೇಲೆ ಕಾಡು ಬೆಳೆಸುತ್ತದೆ, ನೆತ್ತಿ ಮೇಲೆ ಮಾತ್ರ ಇರೋ ಕೂದಲನ್ನೂ ಸಣಕಲು ಮಾಡಿ ಕಳಿಸುತ್ತದೆ. ವ್ಯತ್ಯಾಸ ಹಾರ್ಮೋನಿನಲ್ಲಿಲ್ಲ, ಕೂದಲ ಬುಡದಲ್ಲಿದೆ. ಇದನ್ನು ತೋರಿಸಿದವರು ನಾರ್ಮನ್ ಓರೆಂಟ್ರೈಕ್, 1959ರಲ್ಲಿ. ಹಿಂದಲೆಯ ಕೂದಲನ್ನು ಬುಡಸಮೇತ ಕಿತ್ತು ನೆತ್ತಿಗೆ ನೆಟ್ಟರೆ ಅದು ತನ್ನ ಹಳೇ ಗುಣವನ್ನೇ ಉಳಿಸಿಕೊಳ್ಳುತ್ತದೆ, ಉದುರುವುದಿಲ್ಲ. ಇವತ್ತಿನ ಕೂದಲು ಕಸಿಯ ವ್ಯಾಪಾರವೆಲ್ಲ ನಿಂತಿರೋದು ಈ ಒಂದು ಮಾತಿನ ಮೇಲೆ.

ಫಿನಾಸ್ಟರೈಡ್ ಮಾಡುವುದು ಇಷ್ಟೇ. ಸಲಿನಾಸ್‌ನವರಿಗೆ ಹುಟ್ಟಿನಿಂದ ಕೊರತೆಯಿದ್ದ ಆ ಕಿಣ್ವವನ್ನು ಮಾತ್ರೆಯಿಂದ ಕಟ್ಟಿಹಾಕುವುದು. ರಕ್ತದಲ್ಲಿನ ಡಿಎಚ್‌ಟಿ ಸುಮಾರು ಶೇಕಡಾ 70ರಷ್ಟು ಇಳಿಯುತ್ತದೆ. ಅದರ ಅಣ್ಣ ಡ್ಯುಟಾಸ್ಟರೈಡ್ ಶೇಕಡಾ 90ಕ್ಕಿಂತ ಹೆಚ್ಚು ಇಳಿಸುತ್ತದೆ. ಅಮೆರಿಕದಲ್ಲಿ 1992ರಲ್ಲಿ 5 ಮಿ.ಗ್ರಾಂ. ಮಾತ್ರೆ ಬಂದಿದ್ದು ವಯಸ್ಸಾದವರ ಪ್ರಾಸ್ಟೇಟ್ ಊತಕ್ಕೆ. ತಲೆಗೂದಲಿಗೆ 1 ಮಿ.ಗ್ರಾಂ. ಬಂದಿದ್ದು 1997ರಲ್ಲಿ.

ಕೆಲಸ ಮಾಡುತ್ತಾ? ಮಾಡುತ್ತೆ. 18ರಿಂದ 41 ವಯಸ್ಸಿನ 1553 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ನೆತ್ತಿಯ ಮೇಲೆ ಒಂದು ಇಂಚು ಅಗಲದ ವೃತ್ತ ಬರೆದು ಕೂದಲು ಎಣಿಸಿದರು. ಎರಡು ವರ್ಷವಾದಾಗ ಮಾತ್ರೆ ತಿಂದವರಲ್ಲಿ ಶೇಕಡಾ 83 ಜನರಿಗೆ ಎಣಿಕೆ ಕಮ್ಮಿಯಾಗಿರಲಿಲ್ಲ. ಸುಳ್ಳು ಮಾತ್ರೆ ತಿಂದವರಲ್ಲಿ ಅಂಥವರು ಶೇಕಡಾ 28. ಐದು ವರ್ಷಕ್ಕೆ ಎರಡೂ ಗುಂಪಿನ ನಡುವೆ ಆ ವೃತ್ತದೊಳಗೆ 277 ಕೂದಲಿನ ಅಂತರ. ಯಾವ ಎಣ್ಣೆಯೂ, ಯಾವ ಈರುಳ್ಳಿ ರಸವೂ ಇಂಥ ಲೆಕ್ಕ ಕೊಟ್ಟಿಲ್ಲ. ಒಪ್ಪಿಕೊಳ್ಳೋಣ.

ಆದರೆ ಇದು ವಾಸಿ ಮಾಡುವ ಮಾತ್ರೆ ಅಲ್ಲ, ಇರೋದನ್ನು ಕಾಯುವ ಮಾತ್ರೆ. ನಿಲ್ಲಿಸಿದರೆ ಒಂದು ವರ್ಷದೊಳಗೆ ಲಾಭವೆಲ್ಲ ಹೋಗುತ್ತದೆ. ಅಂದರೆ ಇಪ್ಪತ್ತಾರರ ಹುಡುಗನಿಗೆ "ಮೂರು ತಿಂಗಳ ಕೋರ್ಸ್" ಅಂತ ಮಾರುವುದು ಸುಳ್ಳು. ಅದು ಕೂದಲು ಬೇಕು ಅನ್ನುವವರೆಗೂ ನಡೆಯುವ ಕೋರ್ಸು.

ಇನ್ನು ಹೇಳದೇ ಬಿಟ್ಟ ಮಾತುಗಳು.

ಮೊದಲನೆಯದು ಎಲ್ಲರೂ ಪಿಸುಗುಟ್ಟುವುದು. ಅದೇ ಪರೀಕ್ಷೆಗಳ ಮೊದಲ ವರ್ಷದಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಮಾತ್ರೆ ಗುಂಪಿನಲ್ಲಿ ಶೇಕಡಾ 3.8, ಸುಳ್ಳು ಮಾತ್ರೆಯಲ್ಲಿ ಶೇಕಡಾ 2.1. ಅಂದರೆ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ವಾಟ್ಸಾಪ್‌ನಲ್ಲಿ "ಗಂಡಸ್ತನವೇ ಹೋಗುತ್ತೆ" ಅಂತ ಹೆದರಿಸುವವರದೂ ಸುಳ್ಳೇ. ಆದರೆ ಮಾತ್ರೆ ನಿಲ್ಲಿಸಿದ ಮೇಲೂ ತೊಂದರೆ ಉಳಿದ ವರದಿಗಳಿವೆ ಅಂತ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಚೀಟಿಯ ಮೇಲೆ ಬರೆಸಿತು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆ ಬರುವುದನ್ನೂ ಈ ಮಾತ್ರೆಯ ಅಡ್ಡಪರಿಣಾಮ ಎಂದು ಖಚಿತಪಡಿಸಿತು. ಹೆಚ್ಚಿನ ವರದಿಗಳು ಬಂದಿದ್ದು ಕೂದಲಿಗೆ ಕೊಡುವ 1 ಮಿ.ಗ್ರಾಂ. ತಿಂದವರಿಂದ. ಎಷ್ಟು ಜನರಲ್ಲಿ ಅನ್ನುವ ಲೆಕ್ಕ ಇಲ್ಲ. ಮಾತ್ರೆಯಿಂದಾಗುವ ಲಾಭವೇ ಹೆಚ್ಚು ಎಂದೂ ಅದೇ ಸಂಸ್ಥೆ ಹೇಳಿದೆ. ಎರಡನ್ನೂ ಹೇಳಬೇಕಲ್ವಾ? ಹೊಸ ಊರು, ಹೊಸ ಕೆಲಸ, ರೂಮಿನಲ್ಲಿ ಒಂಟಿಯಾಗಿರೋ ಹುಡುಗನಿಗೆ ಮನಸ್ಸು ಕುಗ್ಗಿದರೆ ಆ ಮಾತ್ರೆಯನ್ನೂ ಒಮ್ಮೆ ಅನುಮಾನಿಸಬೇಕು ಅಂತ ಗೊತ್ತಿರಬೇಡವಾ?

ಎರಡನೆಯದು ಐವತ್ತು ದಾಟಿದವರಿಗೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಪಿಎಸ್ಎ ರಕ್ತಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುತ್ತದೆ. ನೀವು "ಕೂದಲಿನ ಮಾತ್ರೆ ತಾನೆ" ಅಂತ ಹೇಳದೆ ಬಿಟ್ಟರೆ, ಡಾಕ್ಟರ್ ಅಂಕಿ ನೋಡಿ ಎಲ್ಲ ಸರಿಯಾಗಿದೆ ಅಂತ ಕಳಿಸಿಬಿಡಬಹುದು.

ಮೂರನೆಯದು ರಕ್ತದಾನ. ಕೊನೇ ಮಾತ್ರೆ ತಿಂದು ಕನಿಷ್ಠ ಒಂದು ತಿಂಗಳು, ಡ್ಯುಟಾಸ್ಟರೈಡ್ ಆದರೆ ಆರು ತಿಂಗಳು, ರಕ್ತ ಕೊಡಬಾರದು. ಯಾಕೆ? ಆ ರಕ್ತ ಒಬ್ಬ ಬಸುರಿಗೆ ಹೋದರೆ?

ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಬಹಳ ವರ್ಷದ ಹಿಂದೆ ನಾನೂ ಈ ಮಾತ್ರೆ ತಿಂದಿದ್ದೆ. 1 ಮಿ.ಗ್ರಾಂ. ದುಬಾರಿ ಅಂತ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ: ಪ್ರಾಸ್ಟೇಟಿನ 5 ಮಿ.ಗ್ರಾಂ. ಮಾತ್ರೆ ತಗೊಂಡು ನಾಲ್ಕು ಚೂರು ಮಾಡು. ಅಡಿಗೆಮನೆ ಕಟ್ಟೆ ಮೇಲೆ, ತರಕಾರಿ ಹೆಚ್ಚುವ ಚಾಕುವಿನಿಂದ ಮಾಡುತ್ತಿದ್ದೆ. ಪುಡಿಯನ್ನು ಒರೆಸುತ್ತಿದ್ದವಳು ನನ್ನ ಹೆಂಡತಿ. ಅವಳಿಗಾಗ ಮೂರು ತಿಂಗಳು. ಬಸುರಿಯರು ಒಡೆದ, ಪುಡಿಯಾದ ಫಿನಾಸ್ಟರೈಡ್ ಮುಟ್ಟಬಾರದು, ಹೊಟ್ಟೆಯಲ್ಲಿ ಗಂಡುಮಗು ಇದ್ದರೆ ಅದರ ಜನನಾಂಗ ಸರಿಯಾಗಿ ರೂಪುಗೊಳ್ಳದೇ ಹೋಗಬಹುದು ಅಂತ ಔಷಧಿಯ ಜೊತೆಗಿನ ಚೀಟಿಯಲ್ಲೇ ಇದೆ. ಇಡೀ ಮಾತ್ರೆಗೆ ಮೇಲ್ಪದರ ಇರುತ್ತದೆ, ಅದನ್ನು ಒಡೆದವನು ನಾನು. ಸಲಿನಾಸ್‌ನ ಮಕ್ಕಳನ್ನು ನೆನಪಿಸಿಕೊಳ್ಳಿ ಅಂದೆನಲ್ಲ, ಇದಕ್ಕೇ. ನಮಗೆ ಏನೂ ಆಗಲಿಲ್ಲ. ಆದರೆ ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅಂಗಡಿಯವನು ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದ, ನಾನು ಚೀಟಿ ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ.

ಗಂಡಸರ ಮಾತು ಸಾಕು, ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಅಲ್ಲಿ ಮೌನ ಇನ್ನೂ ಗಟ್ಟಿ.

ಪಿಸಿಓಡಿ ಅಂತ ಈಗ ಎಲ್ಲರ ಮನೆಯಲ್ಲೂ ಕೇಳುವ ಮಾತು. ಮೈಯಲ್ಲಿ ಗಂಡು ಹಾರ್ಮೋನು ಸ್ವಲ್ಪ ಹೆಚ್ಚಾಗಿ ಗಲ್ಲದ ಮೇಲೆ, ಮೇಲ್ತುಟಿಯ ಮೇಲೆ ಒರಟು ಕೂದಲು, ನೆತ್ತಿಯಲ್ಲಿ ಬೈತಲೆ ಅಗಲ. ನನ್ನ ತಂಗಿಗೆ ಇದಿತ್ತು. ಮದುವೆಮನೆಗಳಲ್ಲಿ "ಏನೇ, ಮೀಸೆ ಬಂದಿದೆ?" ಅಂತ ನಗುತ್ತಿದ್ದ ಅತ್ತೆಯಂದಿರು ನಮ್ಮಲ್ಲಿ ಬೇಕಾದಷ್ಟಿದ್ದರು. ಇಪ್ಪತ್ನಾಲ್ಕಕ್ಕೆ ಅಮ್ಮ ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಬರೆದದ್ದು ಸ್ಪೈರೊನೊಲ್ಯಾಕ್ಟೋನ್. ಮೂಲತಃ ಇದು ಮೂತ್ರ ಹೆಚ್ಚಿಸುವ, ಬಿಪಿ, ಹೃದಯದ ಕಾಯಿಲೆಗೆ ಕೊಡುವ ಮಾತ್ರೆ. ಹಾರ್ಮೋನು ಹೋಗಿ ಕೂರುವ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ, ಹಾಗಾಗಿ ಮೈಗೂದಲಿಗೂ ಕೊಡುತ್ತಾರೆ. ತಪ್ಪೇನಿಲ್ಲ, ಒಳ್ಳೆಯ ಮಾತ್ರೆಯೇ.

ಆದರೆ ಈ ಮಾತ್ರೆ ತಿನ್ನುವಾಗ ಬಸುರಾಗಬಾರದು. ಕಾರಣ ಆಗಲೇ ಹೇಳಿದ್ದೇ, ಗಂಡು ಭ್ರೂಣಕ್ಕೆ ಅಪಾಯ. ಅದಕ್ಕೇ 2018ರ ಎಂಡೋಕ್ರೈನ್ ಸೊಸೈಟಿ ಮಾರ್ಗಸೂಚಿ ಸಾಮಾನ್ಯವಾಗಿ ಮೊದಲು ಗರ್ಭನಿರೋಧಕ ಮಾತ್ರೆ ಕೊಡಿ, ಆರು ತಿಂಗಳಲ್ಲಿ ಸಾಲದಿದ್ದರೆ ಇಂಥದ್ದನ್ನು ಸೇರಿಸಿ, ಬಸುರಾಗದಂತೆ ಎಚ್ಚರವಿಲ್ಲದೆ ಇದೊಂದನ್ನೇ ಕೊಡಬೇಡಿ ಅನ್ನುತ್ತದೆ. ನಮ್ಮ ಡಾಕ್ಟರು ಆ ಮಾತು ಎತ್ತಲೇ ಇಲ್ಲ. ಮದುವೆಯಾಗದ ಹುಡುಗಿ, ಪಕ್ಕದಲ್ಲಿ ಅಮ್ಮ. ಗರ್ಭದ ಮಾತು ಹೇಗೆ ಆಡೋದು? ಮರ್ಯಾದಸ್ಥ ಮನೆ ಅಂತ ಮಾತು ನುಂಗಿಕೊಂಡಿರಬೇಕು. ಎರಡು ವರ್ಷದ ಮೇಲೆ ಅವಳ ಮದುವೆಯಾಯಿತು. ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ ಅಂತ ಗೊತ್ತಿತ್ತು, ಗಂಡನ ಮನೆಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ಮಾತ್ರೆ ಬಚ್ಚಿಟ್ಟುಕೊಂಡು ಹೋದಳು. ನಾಲ್ಕು ತಿಂಗಳು ಕದ್ದು ತಿಂದಳು. ಜ್ವರಕ್ಕೆ ತೋರಿಸಲು ಹೋದ ಲೇಡಿ ಡಾಕ್ಟರು "ಬೇರೆ ಏನಾದ್ರೂ ಮಾತ್ರೆ ತಗೋತಿದೀಯಾ?" ಅಂತ ಕೇಳಿದ್ದಕ್ಕೆ ವಿಷಯ ಹೊರಬಿತ್ತು. ಆವತ್ತು ಅವಳಿಗೆ ಮುಟ್ಟು ಹತ್ತು ದಿನ ತಡವಾಗಿತ್ತು. (ಆ ಮಾತ್ರೆ ಮುಟ್ಟನ್ನೂ ಏರುಪೇರು ಮಾಡುತ್ತದೆ, ಅದೂ ಯಾರೂ ಹೇಳಿರಲಿಲ್ಲ.) ಪರೀಕ್ಷೆ ಮಾಡಿದರು. ಬಸುರಿರಲಿಲ್ಲ.

"ದೇವರು ದೊಡ್ಡವನು" ಅಂದಳು ಅಮ್ಮ. ಇರಬಹುದು. ದೇವರ ಮೇಲೆ ಭಾರ ಹಾಕಿ ಮಾತ್ರೆ ನುಂಗೋದಾದ್ರೆ ಮಧ್ಯೆ ಡಾಕ್ಟರ ಫೀಸು ಯಾಕೆ?

ಇನ್ನೊಂದು ವಿಷಯ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ತಡೆಮಾತ್ರೆಗಳು ಇರುವ ಕೂದಲನ್ನು ಕೀಳುವುದಿಲ್ಲ. ಒಮ್ಮೆ ನವಿರು ರೋಮ ಒರಟು ಕೂದಲಾಯಿತೆಂದರೆ ಅದು ಸುಲಭಕ್ಕೆ ಹಿಂದಕ್ಕೆ ಹೋಗುವುದಿಲ್ಲ. ಹೊಸದಾಗಿ ಬರುವುದು ನಿಧಾನಕ್ಕೆ ಸಣ್ಣಗಾಗುತ್ತದೆ, ಅದು ಕಾಣಿಸೋಕೆ ಆರು ತಿಂಗಳಾದರೂ ಬೇಕು. ಅಲ್ಲಿವರೆಗೆ ಥ್ರೆಡಿಂಗೋ ಲೇಸರೋ ನಡೆಯಬೇಕು. ಇದಕ್ಕೆ ಗಟ್ಟಿ ಸಾಕ್ಷಿ ಟ್ರಾನ್ಸ್ ಮಹಿಳೆಯರ ಅನುಭವ. ಹಾರ್ಮೋನು ತಡೆಯುವ ಮಾತ್ರೆ, ಈಸ್ಟ್ರೋಜನ್ ಎರಡನ್ನೂ ವರ್ಷಗಟ್ಟಲೆ ತಗೊಂಡರೆ ಅವರ ಎದೆ, ಕೈಕಾಲಿನ ಕೂದಲು ತೆಳುವಾಗುತ್ತದೆ, ತಲೆಗೂದಲು ಉದುರುವುದು ನಿಲ್ಲುತ್ತದೆ. ಗಡ್ಡ ಮಾತ್ರ ಜಗ್ಗುವುದಿಲ್ಲ, ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ಸೇ ಗತಿ. ಅದೇ ಕಾರಣಕ್ಕೆ ಫಿನಾಸ್ಟರೈಡ್ ತಿನ್ನುವ ಗಂಡಸರ ಗಡ್ಡಮೀಸೆಗೂ ಏನೂ ಆಗುವುದಿಲ್ಲ. ಸಲಿನಾಸ್‌ನವರಿಗೆ ಗಡ್ಡ ಬೆಳೆದೇ ಇರಲಿಲ್ಲ, ನಿಮ್ಮದು ಬೆಳೆದಾಗಿದೆ. ಮೀಸೆ ಹೋಗುತ್ತೆ ಅಂತ ಹೆದರಿದವರು ನಿಶ್ಚಿಂತೆಯಾಗಿರಿ.

ಇದೇ ಬಳಗದ ಇನ್ನೆರಡು ಹೆಸರು ಗೊತ್ತಿರಲಿ. ಸೈಪ್ರೊಟೆರೋನ್: ದಿನಕ್ಕೆ 10 ಮಿ.ಗ್ರಾಂ. ಮತ್ತು ಹೆಚ್ಚಿನ ಪ್ರಮಾಣಕ್ಕೆ ಯುರೋಪಿನಲ್ಲಿ 2020ರಲ್ಲಿ ಕಡಿವಾಣ ಬಿತ್ತು, ಮಿದುಳಿನ ಪೊರೆಯಲ್ಲಿ ಗೆಡ್ಡೆ ಬೆಳೆಯುವ ಅಪಾಯ ಕಂಡಿದ್ದರಿಂದ. ಫ್ಲುಟಮೈಡ್: ಯಕೃತ್ತನ್ನೇ ಕೆಡಿಸಬಲ್ಲದು, ಮೈಗೂದಲಿಗೆ ಕೊಡಲೇಬೇಡಿ ಅನ್ನುತ್ತದೆ ಅದೇ 2018ರ ಮಾರ್ಗಸೂಚಿ. ಇವು ಗಲ್ಲದ ಮೇಲಿನ ನಾಲ್ಕು ಕೂದಲಿಗೆ ಸುಮ್ಮನೆ ತಿನ್ನುವ ಮಾತ್ರೆಗಳಾ, ನೀವೇ ಹೇಳಿ.

ಈಗ ಬುದ್ಧಿವಂತರ ಒಂದು ವಾದ ಇದೆ. "ಅಡ್ಡಪರಿಣಾಮ ಹೇಳಿದರೆ ಜನ ಹೆದರುತ್ತಾರೆ, ಹೆದರಿದರೆ ಇಲ್ಲದ್ದೂ ಬರುತ್ತದೆ" ಅಂತ. ಸುಳ್ಳಲ್ಲ. 2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಪ್ರಾಸ್ಟೇಟಿಗೆ ಫಿನಾಸ್ಟರೈಡ್ ಪಡೆದವರನ್ನು ಎರಡು ಗುಂಪು ಮಾಡಿದರು. ಲೈಂಗಿಕ ತೊಂದರೆಯ ಬಗ್ಗೆ ಮೊದಲೇ ಹೇಳಿಸಿಕೊಂಡವರಲ್ಲಿ ಶೇಕಡಾ 43.6 ಜನ ತೊಂದರೆ ಹೇಳಿದರು, ಹೇಳಿಸಿಕೊಳ್ಳದವರಲ್ಲಿ ಶೇಕಡಾ 15.3. ಮಾತಿಗೂ ಮಾತ್ರೆಯಷ್ಟೇ ಶಕ್ತಿ ಇದೆ.

ಹಾಗಂತ ಬಾಯಿ ಮುಚ್ಚಿಕೊಳ್ಳಬೇಕಾ? ಇಲ್ಲ ಸ್ವಾಮಿ. ಅಡ್ಡಪರಿಣಾಮ ಬಚ್ಚಿಟ್ಟರೆ ಆ ಹುಡುಗ ಅದನ್ನು ರಾತ್ರಿ ಎರಡು ಗಂಟೆಗೆ ಯಾವುದೋ ವಿಡಿಯೋದಲ್ಲಿ ನೋಡುತ್ತಾನೆ, ಹತ್ತು ಪಟ್ಟು ಉಪ್ಪುಖಾರ ಸೇರಿಸಿದ್ದನ್ನು. ಡಾಕ್ಟರು ಎದುರಿಗೆ ಕೂತು "ನೂರರಲ್ಲಿ ಹೆಚ್ಚಿನವರಿಗೆ ಏನೂ ಆಗಲ್ಲ, ಆದರೆ ಹೀಗಾದರೆ ನಿಲ್ಲಿಸು, ನನಗೆ ಫೋನ್ ಮಾಡು" ಅಂದರೆ ಅದೇ ಮಾತು ಧೈರ್ಯ ಆಗುತ್ತದೆ. ಐದು ನಿಮಿಷದ ಮಾತು. ಆ ಐದು ನಿಮಿಷವನ್ನು ಉಳಿಸಿ ಲಾಭ ಮಾಡಿಕೊಳ್ಳುವುದೇ ಈ ಡಬ್ಬಿ ವ್ಯಾಪಾರ.

ಕಾನೂನು ಇಲ್ಲವಾ? ಇದೆ. ಫಿನಾಸ್ಟರೈಡ್ ನಮ್ಮಲ್ಲಿ ಶೆಡ್ಯೂಲ್ ಎಚ್ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. 1945ರ ಔಷಧ ನಿಯಮಗಳ ಶೆಡ್ಯೂಲ್ ಜೆ ಅನ್ನುವ ಪಟ್ಟಿಯಲ್ಲಿ, ಯಾವ ಔಷಧಿಯೂ ವಾಸಿ ಮಾಡುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಜೊತೆ ಬೋಳುತಲೆಯೂ ಇದೆ! ಒಮ್ಮೆ ಬಸ್‌ಸ್ಟ್ಯಾಂಡಿನ ಗೋಡೆ ನೋಡಿ, ಮೊಬೈಲ್ ತೆರೆದು ನೋಡಿ. ನಗಬೇಕೋ ಅಳಬೇಕೋ ತಿಳಿಯದು.

ನಾನು ಕೇಳುವುದು ಹೆಚ್ಚೇನಲ್ಲ. ಮಾತ್ರೆ ಕೊಡುವವರು ಹಾರ್ಮೋನು ಅಂತ ಬಾಯಿಬಿಟ್ಟು ಹೇಳಲಿ. ಎಷ್ಟು ಕಾಲ, ನಿಲ್ಲಿಸಿದರೆ ಏನು, ಏನಾದರೆ ಫೋನ್ ಮಾಡಬೇಕು ಅಂತ ಹೇಳಲಿ. ಮದುವೆ ಆಗಿರಲಿ ಬಿಡಲಿ, ಹೆಣ್ಣುಮಕ್ಕಳಿಗೆ ಗರ್ಭದ ಮಾತನ್ನು ಹೇಳಲಿ, ಬೇಕಾದರೆ ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಿಸಲಿ. ನಾವು ನುಂಗುವವರು ಚೀಟಿ ಕೇಳಿ ಓದೋಣ, ಬೇರೆ ಡಾಕ್ಟರ ಹತ್ತಿರ ಹೋದಾಗ ಇದನ್ನೂ ಹೇಳೋಣ.

ಅಳಿಯ ಏನು ಮಾಡಿದ ಅಂತೀರಾ? ಮರುವಾರ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದ, ಎಲ್ಲ ಕೇಳಿಸಿಕೊಂಡ, ಯೋಚನೆ ಮಾಡಿ ಮಾತ್ರೆ ಮುಂದುವರಿಸಿದ್ದಾನೆ. ಶಾಂಪೂ, ಎಣ್ಣೆ, ಜೆಲ್ಲಿ ಮಿಠಾಯಿ ಬಿಸಾಕಿದ್ದಾನೆ. ಮದುವೆ ಗೊತ್ತಾದರೆ ಹುಡುಗಿಗೂ ಹೇಳ್ತೀನಿ ಅಂದ. ಅಕ್ಕ "ಅಯ್ಯೋ, ಅದನ್ನೆಲ್ಲ ಹೇಳ್ತಾರಾ!" ಅಂತ ಹಣೆ ಚಚ್ಚಿಕೊಂಡಳು. ಹೇಳಲಿ ಬಿಡಿ. ಬೊಕ್ಕತಲೆ ಬಚ್ಚಿಡೋಕೆ ಹೋಗಿ ಹೆಂಡತಿಯ ಎದುರು ಮಾತ್ರೆ ಬಚ್ಚಿಡೋದಕ್ಕಿಂತ ಅದು ವಾಸಿ.

ನನ್ನ ತಲೆ? ಪೂರ್ತಿ ಬಯಲು. ಬಾಚಣಿಗೆಯ ಖರ್ಚಿಲ್ಲ, ಸುಖವಾಗಿದ್ದೇನೆ :)

ಇವತ್ತೊಮ್ಮೆ ನಿಮ್ಮ ಮನೆಯ ಕಪಾಟು ತೆರೆದು ನೋಡಿ. ಶಾಂಪೂ ಬಾಟಲಿಯ ಹಿಂದೆ ಒಂದು ಸ್ಟ್ರಿಪ್ ಇದ್ದರೆ ತಿರುಗಿಸಿ ಹೆಸರು ಓದಿ. ತಿನ್ನುವವರನ್ನು ಬೈಯಬೇಡಿ, ಮಾತಾಡಿಸಿ.

ಏನಂತೀರಿ?